ಬೆಳಗ್ಗೆ ಮಾತ್ರ ಅಳೆದ ಆಕಾಶ

ವಿಮಾನ ಇಳಿಯುವ ಜಾಗದ ಸುತ್ತಲಿನ ಆಕಾಶ ಸುರಕ್ಷಿತವೇ ಎಂದು ನೋಡಿ ವರದಿ ಬರೆಯುವುದು ನನ್ನ ಕೆಲಸವಾಗಿತ್ತು. ಕೇಳಿದವರೆಲ್ಲ ಇವನು ದಿನವಿಡೀ ಮೇಲೆ ನೋಡುತ್ತಿರುತ್ತಾನೆ ಎಂದುಕೊಳ್ಳುತ್ತಿದ್ದರು. ಹೆಚ್ಚು ಹೊತ್ತು ನೋಡುತ್ತಿದ್ದದ್ದು ನೆಲವನ್ನು. ತೆಂಗಿನ ಮರ, ಮೊಬೈಲ್ ಟವರ್, ನೀರಿನ ಟ್ಯಾಂಕ್, ಗುಡ್ಡದ ನೆತ್ತಿ, ಇವುಗಳ ಎತ್ತರ ಮತ್ತು ದೂರ. ಅದರ ಮೇಲೆ ಉಳಿದ ಜಾಗದಲ್ಲಿ ಯಾರು, ಯಾವಾಗ, ಎಷ್ಟು ಎತ್ತರದಲ್ಲಿ ಹಾರುತ್ತಾರೆ ಎಂಬುದು. ಇಷ್ಟು ಗೊತ್ತಾದರೆ ವರದಿ ಮುಗಿಯಿತು. ಇಷ್ಟನ್ನು ಸರಿಯಾಗಿ ತಿಳಿಯಲು ನನಗೆ ಇಡೀ ಸೇವಾವಧಿ ಬೇಕಾಯಿತು.

ಈ ಕೆಲಸಕ್ಕೆ ಸೇರುವ ಮೊದಲು ಎರಡು ವರ್ಷ ನಾನು ಮೂಡುಬಿದಿರೆಯಿಂದ ಒಂದು ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಸುದ್ದಿ ಸಂಪಾದಕರು ಮಿತಭಾಷಿ. ನಾನು ಕಳಿಸಿದ ಪ್ರತಿ ಸುದ್ದಿಗೂ ಅವರ ಫೋನು ಬರುತ್ತಿತ್ತು. "ಬಸ್ಸು ಪಲ್ಟಿ ಆದದ್ದು ನೀನು ನೋಡಿದ್ದೋ ಮಾರಾಯ, ಯಾರಾದರೂ ಹೇಳಿದ್ದೋ?" ಹೇಳಿದ್ದು ಎಂದರೆ, "ಹಾಗಾದರೆ ಹೇಳಿದವರ ಹೆಸರು ಹಾಕು. ನೋಡಿದ್ದಕ್ಕೆ ಒಂದು ವಾಕ್ಯ, ಕೇಳಿದ್ದಕ್ಕೆ ಇನ್ನೊಂದು ವಾಕ್ಯ" ಎಂದು ಫೋನು ಇಡುತ್ತಿದ್ದರು. ಮುಂದೆ ನಾನು ಬರೆದ ವರದಿಗಳಿಗೆಲ್ಲ ಇದೇ ವ್ಯಾಕರಣ.

ಹೊಸ ಕೆಲಸದ ಮೊದಲ ವರ್ಷವೇ ಆ ವ್ಯಾಕರಣವನ್ನು ನಾನೇ ಮುರಿದೆ. ಬಂಟ್ವಾಳದ ಕಡೆ ಒಂದು ತೆಂಗಿನ ಮರದ ಎತ್ತರವನ್ನು ಹಳೆಯ ವರದಿಯಿಂದ ನೋಡಿ ಬರೆದುಬಿಟ್ಟೆ. ಆಗಿನ ನನ್ನ ಮೇಲಧಿಕಾರಿ ವೆಂಕಟರಾಯರು ಕಾಗದವನ್ನು ಮೇಜಿನ ಮೇಲೆ ನನ್ನ ಕಡೆ ಜಾರಿಸಿದರು.

"ಇದು ಎಂಟು ವರ್ಷದ ಹಿಂದಿನ ಅಳತೆ. ಆ ಮರಕ್ಕೆ ನಮ್ಮ ವರದಿ ಓದ್ಲಿಕ್ಕೆ ಬರ್ತದಾ?"

"ಇಲ್ಲ ಸರ್."

"ಹಾಗಾದ್ರೆ ಅದು ಬೆಳೀತಾ ಹೋಗಿರ್ತದೆ. ನಾಳೆ ಹೋಗಿ ಅಳೆದು ಬನ್ನಿ. ಬೆಳಗ್ಗೆ ಬೇಗ ಹೋಗಿ."

ಬೆಳಗ್ಗೆ ಬೇಗ ಎಂದದ್ದಕ್ಕೆ ಕಾರಣವಿತ್ತು. ಆ ಕಾಲದಲ್ಲಿ ಎತ್ತರ ಅಳೆಯುತ್ತಿದ್ದದ್ದು ಥಿಯೊಡೊಲೈಟ್ ಎಂಬ ದುರ್ಬೀನಿನಿಂದ. ಬಿಸಿಲೇರಿದ ಮೇಲೆ ನೆಲದಿಂದ ಕಾವು ಏಳುತ್ತದೆ, ದುರ್ಬೀನಿನೊಳಗೆ ಮರದ ತುದಿ ನೀರಿನಲ್ಲಿ ಕಂಡಂತೆ ನಡುಗುತ್ತದೆ, ಅಳತೆ ತಪ್ಪುತ್ತದೆ. ಹಾಗಾಗಿ ನಮ್ಮ ತಂಡ ಏಳಕ್ಕೆ ಹೊರಟು ಹನ್ನೊಂದಕ್ಕೆ ಉಪಕರಣ ಮಡಚುವುದು ರೂಢಿ. ಆಮೇಲೆ ಜಾಗದ ಯಜಮಾನರ ಮನೆಯಲ್ಲಿ ಊಟ, ನಾಲ್ಕರೊಳಗೆ ಕಚೇರಿ. ಥಿಯೊಡೊಲೈಟ್ ಹೋಗಿ ಜಿಪಿಎಸ್ ಬಂತು, ಆಮೇಲೆ ಡ್ರೋನ್ ಬಂತು. ಈ ಯಂತ್ರಗಳಿಗೆ ಬಿಸಿಲಿನ ಕಾವಿನಿಂದ ಹೇಳಿಕೊಳ್ಳುವ ತೊಂದರೆ ಇಲ್ಲ. ಆದರೂ ನಾವು ಏಳಕ್ಕೇ ಹೊರಟೆವು, ಹನ್ನೊಂದಕ್ಕೇ ಮುಗಿಸಿದೆವು. ಯಾಕೆ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಮುಂದೆ ಹೇಳುವ ತಪ್ಪು ಹುಟ್ಟಿದ್ದು ಅಲ್ಲಿ.

ನಿವೃತ್ತಿಗೆ ಒಂದು ವರ್ಷ ಇರುವಾಗ ಮೂಡುಬಿದಿರೆಯಲ್ಲಿ ಆಸ್ಪತ್ರೆ ನಡೆಸುವ ಡಾ. ಪದ್ಮರಾಜ ಎಂಬವರ ಅರ್ಜಿ ನನ್ನ ಮೇಜಿಗೆ ಬಂತು. ಮಡಂತ್ಯಾರಿನಿಂದ ಒಳಗೆ ಹೋದರೆ ಒಂದು ಪದವು ಸಿಗುತ್ತದೆ. ಕೆಂಪುಕಲ್ಲಿನ ಬೋಳು ಬಯಲಿಗೆ ನಮ್ಮ ಕಡೆ ಪದವು ಎನ್ನುತ್ತಾರೆ. ಅಲ್ಲಿ ಸಣ್ಣ ವಿಮಾನ ಇಳಿಯುವ ಒಂದು ಪಟ್ಟಿ ಮಾಡಿ, ಕಷ್ಟದಲ್ಲಿರುವ ರೋಗಿಗಳನ್ನು ನೇರ ಬೆಂಗಳೂರಿಗೆ ಸಾಗಿಸಬೇಕು ಎಂಬುದು ಡಾಕ್ಟರ ಯೋಜನೆ. ಅರ್ಜಿಯ ಹಿಂದೆ ಒಂದು ಸಾವು ಇತ್ತು. ಕಕ್ಕಿಂಜೆಯ ಒಬ್ಬ ಬಾಣಂತಿಯನ್ನು ಅವರು ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಕರೆದೊಯ್ಯುವಾಗ ಚಾರ್ಮಾಡಿ ಘಾಟಿಯಲ್ಲಿ ಮಣ್ಣು ಜರಿದು ರಸ್ತೆ ಕಟ್ಟಿತ್ತು. ತಿರುಗಿಸಿಕೊಂಡು ಬೇರೆ ದಾರಿ ಹಿಡಿಯುವಷ್ಟರಲ್ಲಿ ಹೊತ್ತು ಮೀರಿತು. ಡಾಕ್ಟರು ಇದನ್ನು ನನಗೆ ಒಮ್ಮೆ ಹೇಳಿದರು. ಎರಡನೆಯ ಸಲ ಹೇಳಲಿಲ್ಲ.

ಪದವಿನ ಪಶ್ಚಿಮಕ್ಕೆ ಸುಮಾರು ಎರಡು ಮೈಲಿ ದೂರದಲ್ಲಿ ಒಂದು ಗುಡ್ಡ. ಅಲ್ಲಿ ಇರ್ಷಾದ್ ಎಂಬ ಯುವಕ ಗ್ಲೈಡಿಂಗ್ ಶಾಲೆ ನಡೆಸುತ್ತಿದ್ದ. ಎಂಜಿನ್ ಇಲ್ಲದೆ, ಬಟ್ಟೆಯ ದೊಡ್ಡ ರೆಕ್ಕೆಗೆ ಜೋತುಬಿದ್ದು ಗುಡ್ಡದಿಂದ ಹಾರುವುದು. ಗಲ್ಫಿನಲ್ಲಿ ಕೆಲಸ ಮಾಡುವಾಗ ರಜೆಯಲ್ಲಿ ಕಲಿತು, ಊರಿಗೆ ಬಂದು ಶಾಲೆ ತೆರೆದವನು. ನಿಯಮದಂತೆ ನಾನು ಅವನಿಗೆ ನಮೂನೆ ಕಳಿಸಿದೆ. ಅದರಲ್ಲಿ ಒಂದು ಪ್ರಶ್ನೆ: ಹಾರಾಟಕ್ಕೆ ಅನುಮತಿ ಇರುವ ವ್ಯಾಪ್ತಿ ಎಷ್ಟು? ಅವನು ಬರೆದದ್ದು: ಗುಡ್ಡದ ಸುತ್ತ ಒಂದು ಕಿಲೋಮೀಟರ್.

ನಾವು ಎರಡು ಸಲ ಪದವಿಗೆ ಹೋದೆವು. ಎರಡು ಸಲವೂ ಬೆಳಗ್ಗೆ. ಗುಡ್ಡದ ಮೇಲೆ ಒಂದೆರಡು ರೆಕ್ಕೆ ಎದ್ದು ಅಲ್ಲೇ ಕೆಳಗೆ ಗದ್ದೆಗೆ ಇಳಿದದ್ದು ಕಂಡಿತು. ಪದವಿನ ಮೇಲೆ ಆಕಾಶ ಖಾಲಿ. ಗ್ಲೈಡರುಗಳಿಂದ ಅಡ್ಡಿ ಇಲ್ಲ ಎಂದು ಪ್ರಾಥಮಿಕ ಟಿಪ್ಪಣಿ ಬರೆದು ಸಹಿ ಹಾಕಿದೆ. ಮೇಲಧಿಕಾರಿ ವತ್ಸಲಾ ಮೇಡಂ ಒಪ್ಪಿದರು. ಡಾಕ್ಟರು ಫೋನು ಮಾಡಿ ಧನ್ಯವಾದ ಹೇಳಿದರು.

ಏಪ್ರಿಲಿನಲ್ಲಿ ದೆಹಲಿಯ ಮುಖ್ಯ ಕಚೇರಿಯಿಂದ ಒಂದು ಸಣ್ಣ ವಿಚಾರಣೆ ಬಂತು. ಪದವಿನ ಪಶ್ಚಿಮ ತುದಿಯ ಬಳಿ ಹೊಸದಾಗಿ ಎದ್ದ ಮೊಬೈಲ್ ಟವರಿನ ಎತ್ತರ ನಮೂದಾಗಿಲ್ಲ, ಸೇರಿಸಿ ಎಂದು. ಒಂದು ಟವರಿಗೆ ತಂಡ ಬೇಡವೆಂದು, ಕಚೇರಿ ಕೆಲಸ ಮುಗಿಸಿ ಹನ್ನೊಂದೂವರೆಗೆ ಒಬ್ಬನೇ ಹೊರಟೆ. ಬಿ.ಸಿ. ರೋಡಿನಲ್ಲಿ ರಸ್ತೆ ಅಗಲ ಮಾಡುವ ಕೆಲಸ, ಜೀಪು ಎರಡು ಗಂಟೆ ನಿಂತಲ್ಲೇ ನಿಂತಿತು. ಪದವಿಗೆ ಮುಟ್ಟುವಾಗ ಮಧ್ಯಾಹ್ನ ಮೂರು ದಾಟಿತ್ತು. ಈ ಜಾಗವನ್ನು ಆ ಹೊತ್ತಿನಲ್ಲಿ ನೋಡುತ್ತಿದ್ದದ್ದು ಅದೇ ಮೊದಲು. ಚಪ್ಪಲಿಯ ಒಳಗೂ ಕಲ್ಲಿನ ಬಿಸಿ ತಾಗುತ್ತಿತ್ತು.

ಟವರಿನ ಹತ್ತಿರ ಒಂದೇ ಮನೆ. ಐಸಮ್ಮ ಎಂಬ ಅರುವತ್ತು ದಾಟಿದ ಹೆಂಗಸು ಅಂಗಳದಲ್ಲಿ ಚಾಪೆ ಹಾಸಿ ಹಲಸಿನ ಹಪ್ಪಳ ಒಣಗಿಸಿ, ಜಗಲಿಯ ನೆರಳಿನಲ್ಲಿ ಕೋಲು ಹಿಡಿದು ಕೂತಿದ್ದರು. ನೀರು ಕೇಳಿದೆ. ತಂಬಿಗೆಯ ಜತೆ ಬೆಲ್ಲದ ತುಂಡೂ ಬಂತು. ನಾವು ಮಾತಾಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಕೋಲು ಯಾಕೆ ಅಕ್ಕ, ಕಾಗೆಗೋ?"

"ಕಾಗೆಗೂ ಆಯಿತು, ನಮ್ಮ ಕೋಳಿಗೂ ಆಯಿತು. ಹಪ್ಪಳ ಹಾಕಿದ ಮೇಲೆ ಹೊತ್ತು ಇಳಿಯುವವರೆಗೆ ನಾನು ಇಲ್ಲಿಂದ ಏಳುವ ಹಾಗಿಲ್ಲ. ನೀವು ಯಾವ ಇಲಾಖೆ, ಅಣ್ಣೆರೆ? ಕರೆಂಟಿನವರೋ?"

ನಾನು ಉತ್ತರ ಕೊಡುವ ಮೊದಲೇ ಅಂಗಳದ ಆಚೆ ಕೆದಕುತ್ತಿದ್ದ ಕೋಳಿಗಳು ಒಮ್ಮೆಲೇ ಸದ್ದು ಮಾಡಿ, ಮರಿಗಳ ಸಮೇತ ಕಟ್ಟಿಗೆ ರಾಶಿಯ ಅಡಿಗೆ ಓಡಿದವು. ಹಪ್ಪಳದ ಚಾಪೆಯ ಮೇಲೆ ಮಸುಕಾದ ನೆರಳೊಂದು ಹಾದುಹೋಯಿತು.

"ಗಿಡುಗ?" ಎಂದೆ.

"ಗಿಡುಗ ಅಲ್ಲ. ಕೊಡೆಯವರು" ಎಂದರು ಐಸಮ್ಮ, ತಲೆ ಎತ್ತದೆ. "ಆ ಗುಡ್ಡದವರು. ನಮಗೆ ಗೊತ್ತುಂಟು, ಕೋಳಿಗೆ ಗೊತ್ತಿಲ್ಲ."

ಅಂಗಳಕ್ಕೆ ಇಳಿದು ನೋಡಿದೆ. ಪಶ್ಚಿಮಕ್ಕೆ, ಬಿಸಿಲಿನ ಕಡೆ, ಒಂದು ಕೆಂಪು ರೆಕ್ಕೆ. ಅದರ ಹಿಂದೆ ಇನ್ನೊಂದು. ಏಪ್ರಿಲಿನ ಆ ಹೊತ್ತಿಗೆ ಸೂರ್ಯ ನೆತ್ತಿಗೂ ದಿಗಂತಕ್ಕೂ ಸರಿ ನಡುವೆ ಇರುತ್ತಾನೆ. ಹಾರುವ ವಸ್ತು ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ದೂರ ಪೂರ್ವಕ್ಕೆ ಅದರ ನೆರಳು ಬೀಳುತ್ತದೆ. ನೆರಳು ಐಸಮ್ಮನ ಹಪ್ಪಳದ ಮೇಲಿದ್ದರೆ ಗ್ಲೈಡರು ಅವರ ಮನೆಗಿಂತ ಪಶ್ಚಿಮದಲ್ಲಿತ್ತು. ಮಧ್ಯಾಹ್ನ ಗಾಳಿ ಕಡಲಿನಿಂದ ಬೀಸುತ್ತದೆ. ವಿಮಾನ ಗಾಳಿಗೆ ಎದುರಾಗಿ, ಅಂದರೆ ಪಶ್ಚಿಮಕ್ಕೆ ಮುಖ ಮಾಡಿ ಏಳಬೇಕು. ನನ್ನ ನಕ್ಷೆಯಲ್ಲಿ ವಿಮಾನ ಮೇಲೇರುವ ದಾರಿ ಈ ಮನೆಯ ಮಾಡಿನ ಮೇಲಿಂದಲೇ ಹೋಗುತ್ತಿತ್ತು.

"ಅವರು ದಿನಾ ಬರುತ್ತಾರಾ ಅಕ್ಕ? ಎಷ್ಟು ಹೊತ್ತಿಗೆ?"

"ಗಾಳಿ ಬಂದರೆ ಬರುತ್ತಾರೆ. ಲುಹರ್ ಬಾಂಗ್ ಆಗಿ, ನನ್ನ ಊಟ ಆಗಿ, ಒಂದು ಸಲ ಹಪ್ಪಳ ಮಗುಚಿದ ಮೇಲೆ ಶುರು. ಅಸರ್ ಬಾಂಗಿಗೆ ಸ್ವಲ್ಪ ಮೊದಲು ಜಾಸ್ತಿ. ಪದವಿನ ಮೇಲೆ ಸುತ್ತುತ್ತಾ ಸುತ್ತುತ್ತಾ ಮೇಲೆ ಹೋಗುತ್ತಾರೆ. ಬೆಳಗ್ಗೆ ಒಬ್ಬನೂ ಇಲ್ಲ."

ಲುಹರ್ ನಡುಹಗಲಿನ ಬಾಂಗು, ಅಸರ್ ಇಳಿಹೊತ್ತಿನದು. ಮಸೀದಿಯ ಬಾಂಗಿನ ಹೊತ್ತು ಎಂದರೆ ಗಡಿಯಾರದ ಹೊತ್ತೇ. ಹಳ್ಳಿಯಲ್ಲಿ ಇಷ್ಟು ನಿಖರ ಸಾಕ್ಷಿ ನನಗೆ ಹಿಂದೆ ಸಿಕ್ಕಿರಲಿಲ್ಲ. ಹಪ್ಪಳ ಕಾಯುವ ಕಾರಣಕ್ಕೆ ಇಡೀ ಮಧ್ಯಾಹ್ನ ಆ ಆಕಾಶದ ಕೆಳಗೆ ಕೂತಿದ್ದವರು ಅವರೊಬ್ಬರೇ.

ಜೀಪಿನಲ್ಲಿ ಕೂತಾಗ ಉಳಿದದ್ದು ಅರ್ಥವಾಯಿತು. ಬೋಳು ಕೆಂಪುಕಲ್ಲು ಮಧ್ಯಾಹ್ನಕ್ಕೆ ಕಾದು ಬಿಸಿಯಾಗುತ್ತದೆ. ಕಾದ ಗಾಳಿ ಮೇಲೇರುತ್ತದೆ. ಎಂಜಿನ್ ಇಲ್ಲದವನಿಗೆ ಬೇಕಾದದ್ದು ಆ ಮೇಲೇರುವ ಗಾಳಿಯೇ. ಮರ ಇಲ್ಲದ ಸಮತಟ್ಟು ಎಂದು ಡಾಕ್ಟರು ಆರಿಸಿದ ಜಾಗವನ್ನು ಗ್ಲೈಡರಿನವರೂ ಅದೇ ಗುಣಕ್ಕಾಗಿ ಆರಿಸಿದ್ದರು. ದುರ್ಬೀನಿನಲ್ಲಿ ಮರದ ತುದಿಯನ್ನು ನಡುಗಿಸುತ್ತದೆ ಎಂದು ನಾವು ತಪ್ಪಿಸಿಕೊಂಡು ಬರುತ್ತಿದ್ದ ಕಾವು ಅವರನ್ನು ಎತ್ತಿ ಹಾರಿಸುತ್ತಿತ್ತು. ನನ್ನ ಸಹಿ ಹಾಗೇ ಉಳಿದರೆ ಒಂದು ದಿನ ರೋಗಿಯನ್ನು ಹೊತ್ತ ವಿಮಾನವೂ ಕಲಿಯುವ ಹುಡುಗನೊಬ್ಬನೂ ಆ ಮನೆಯ ಪಶ್ಚಿಮಕ್ಕೆ ಒಂದೇ ಎತ್ತರದಲ್ಲಿ ಎದುರಾಗುತ್ತಿದ್ದರು.

ಮತ್ತೆ ಮೂರು ಮಧ್ಯಾಹ್ನ ಐಸಮ್ಮನ ಜಗಲಿಯಲ್ಲಿ ಪುಸ್ತಕ ಹಿಡಿದು ಕೂತೆ. ಕೋಳಿ ಓಡಿದ ಹೊತ್ತು, ರೆಕ್ಕೆಯ ಬಣ್ಣ, ದಿಕ್ಕು. ಎರಡನೆಯ ದಿನ ಅವರು ಕೋಲನ್ನು ನನ್ನ ಕೈಗೆ ಕೊಟ್ಟು ನಮಾಜಿಗೆ ಹೋದರು. ಬಂದು ಚಾಪೆ ನೋಡಿ, "ಸರಕಾರಿ ಸಂಬಳ ತಿಂದು ಎರಡು ಹಪ್ಪಳ ಕಾಯಲಿಕ್ಕೆ ಆಗಲಿಲ್ಲ ನಿಮಗೆ" ಎಂದರು. ಮೇಲೆ ನೋಡುತ್ತಿದ್ದಾಗ ಕಾಗೆ ಬಂದದ್ದು ನನ್ನ ಲಕ್ಷ್ಯಕ್ಕೆ ಬಂದಿರಲಿಲ್ಲ.

ಮೂರನೆಯ ದಿನ ಸಂಜೆ ಗುಡ್ಡಕ್ಕೆ ಹೋಗಿ ಇರ್ಷಾದನನ್ನು ಕಂಡೆ. ರೆಕ್ಕೆ ಮಡಚುತ್ತಿದ್ದವನು ಕೈ ನಿಲ್ಲಿಸಲಿಲ್ಲ.

"ನೀವು ಕೇಳಿದ್ದು ಅನುಮತಿ ಎಷ್ಟು ಅಂತ. ನಾನು ಅದನ್ನೇ ಬರೆದೆ ಸರ್. ಎಲ್ಲಿವರೆಗೆ ಹೋಗ್ತೀರಿ ಅಂತ ನೀವು ಕೇಳಲಿಲ್ಲ."

"ಈಗ ಕೇಳ್ತಾ ಇದ್ದೇನೆ."

"ಈಗ ಹೇಳಿದ್ರೆ ನೀವು ಬರೀತೀರಿ. ಬರೆದ್ರೆ ಗುಡ್ಡ ಮುಚ್ಚಿಸ್ತಾರೆ. ಇದು ಬಿಟ್ರೆ ನಾನು ಪುನಃ ವೀಸಾ ಹುಡುಕಬೇಕು."

"ನಾನು ನೋಡಿದ್ದನ್ನು ಬರೆದೇ ಬರೀತೇನೆ. ನಮ್ಮ ನಮೂನೆಯ ಪ್ರಶ್ನೆಯೇ ತಪ್ಪು ಅಂತಲೂ ಬರೀತೇನೆ, ನನ್ನ ಹೆಸರಲ್ಲಿ. ಗುಡ್ಡ ಉಳಿಯುತ್ತದೆ ಅಂತ ಮಾತು ಕೊಡ್ಲಿಕ್ಕೆ ನನಗೆ ಅಧಿಕಾರ ಇಲ್ಲ."

ಅವನು ರೆಕ್ಕೆಯನ್ನು ಚೀಲಕ್ಕೆ ತುಂಬಿ, ದಾರ ಬಿಗಿದು, ಅದರ ಮೇಲೆ ಕೂತ. "ನಾವು ಹಾರುವಾಗ ಕೈಗೆ ಕಟ್ಟುವ ಯಂತ್ರದಲ್ಲಿ ದಾರಿ ಎಲ್ಲ ದಾಖಲಾಗ್ತದೆ. ಎರಡು ಸೀಸನ್ನಿದ್ದು ಉಂಟು. ಕೊಡ್ತೇನೆ" ಎಂದ. ಆಮೇಲೆ ಹೇಳಿದ: "ನನ್ನ ತಂಗಿಯೂ ಹಾರ್ತಾಳೆ ಸರ್, ಆ ಪದವಿನ ಮೇಲೆ."

ಅವನ ದಾಖಲೆಗಳನ್ನು ನಕ್ಷೆಯ ಮೇಲೆ ಇಟ್ಟು ನೋಡಿದಾಗ ಗೆರೆಗಳೆಲ್ಲ ಗುಡ್ಡದಿಂದ ಹೊರಟು ಪದವಿನ ಮೇಲೆ ದಾರದುಂಡೆಯಂತೆ ಸುತ್ತಿಕೊಂಡಿದ್ದವು. ಐಸಮ್ಮ ಹೇಳಿದ ಹೊತ್ತಿಗೂ ಯಂತ್ರ ಹೇಳಿದ ಹೊತ್ತಿಗೂ ವ್ಯತ್ಯಾಸವಿರಲಿಲ್ಲ.

ಟಿಪ್ಪಣಿ ಹಿಂತೆಗೆಯುವ ಪತ್ರದೊಂದಿಗೆ ವತ್ಸಲಾ ಮೇಡಂ ಮುಂದೆ ನಿಂತೆ. ಬೆಂಗಳೂರಿನವರು, ಓದುವಾಗ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕುವ ಅಭ್ಯಾಸ.

"ನಿವೃತ್ತಿಗೆ ಎಷ್ಟು ತಿಂಗಳಿದೆ ನಿಮಗೆ?"

"ಎಂಟು, ಮೇಡಂ."

"ಇದರಲ್ಲಿ ನಿಮ್ಮ ತಪ್ಪು ಅಂತ ಎರಡು ಕಡೆ ಬರೆದಿದೀರ. ಕೋಳಿ ಓಡಿತು ಅಂತ ಐದು ಕಡೆ. ದೆಹಲಿಯಲ್ಲಿ ನಗ್ತಾರೆ."

"ಕೋಳಿ ಓಡಿದ್ದನ್ನು ನೋಡಿದ್ದೇನೆ ಮೇಡಂ. ಕಳೆದ ಸಲ ಅಡ್ಡಿ ಇಲ್ಲ ಅಂತ ಬರೆದದ್ದು ನೋಡಿದ್ದಲ್ಲ, ನಮೂನೆಯಲ್ಲಿ ಓದಿದ್ದು."

ಅವರು ಪೆನ್ನಿನ ಮುಚ್ಚಳ ಹಾಕಿದರು. "ಇರ್ಷಾದ್ ಅವರ ದಾಖಲೆ ಮುಂದೆ ಹಾಕಿ, ಕೋಳಿಗಳನ್ನ ಅನುಬಂಧಕ್ಕೆ ಕಳಿಸಿ. ತಪ್ಪು ಒಂದು ಕಡೆ ಸಾಕು. ಅಲ್ಲಿ ನನ್ನ ಹೆಸರೂ ಸೇರಿಸಿ, ಒಪ್ಪಿದವಳು ನಾನು." ಮೇಲಧಿಕಾರಿಗಳ ಬಗ್ಗೆ ಕೇಳುವ ಕಿರಿಯರಿಗೆ ನಾನು ಈ ಮಾತನ್ನು ಹೇಳುತ್ತೇನೆ.

ಡಾಕ್ಟರಿಗೆ ಕಾಗದದಲ್ಲಿ ತಿಳಿಸುವುದು ಸರಿ ಅನಿಸಲಿಲ್ಲ. ಮೂಡುಬಿದಿರೆಗೆ ಹೋಗಿ ಎದುರು ಕೂತು ಹೇಳಿದೆ. ಅವರು ಧ್ವನಿ ಏರಿಸಲಿಲ್ಲ.

"ಅಂದರೆ ನೀವು ಕೋಳಿಯನ್ನು ನೋಡಿದಿರಿ, ರೋಗಿಯನ್ನು ಬಿಟ್ಟಿರಿ."

"ಬೆಳಗ್ಗೆ ವಿಮಾನಕ್ಕೆ ಅಡ್ಡಿ ಇಲ್ಲ ಡಾಕ್ಟರೇ. ಮಧ್ಯಾಹ್ನ ಗ್ಲೈಡರು ಹಾರುವ ಹೊತ್ತಿಗೆ ಮಾತ್ರ ಅಡ್ಡಿ."

"ಕಾಯಿಲೆಯವರು ನಿಮ್ಮ ಹಾಗೆ ಬೆಳಗ್ಗೆ ಮಾತ್ರ ಬರುವುದಿಲ್ಲ."

ಬೇರೆ ಯಾವುದಾದರೂ ಜಾಗ ಇದೆಯೇ ಎಂದು ಕೇಳಿದೆ. ಆರು ಜಾಗ ನೋಡಿ ಇದೊಂದನ್ನು ಆರಿಸಿದ್ದಾಗಿ ಹೇಳಿದರು. ಹಾಗಾದರೆ ಗ್ಲೈಡರುಗಳನ್ನು ಕೆಳಗಿಳಿಸಲು ಎಷ್ಟು ಹೊತ್ತು ಬೇಕು ಎಂಬುದನ್ನು ಅಳೆದು ನೋಡುವ, ನೀವೂ ಬನ್ನಿ ಎಂದೆ. ಅವರು ಒಪ್ಪಿದ್ದು ನನ್ನ ಮೇಲಿನ ವಿಶ್ವಾಸದಿಂದಲ್ಲ, ಬೇರೆ ದಾರಿ ಇಲ್ಲದೆ.

ಮೇ ತಿಂಗಳ ಒಂದು ಮಧ್ಯಾಹ್ನ ಪ್ರಯೋಗ ಮಾಡಿದೆವು. ಪದವಿನ ಮೇಲೆ ಇಳಿದವರನ್ನು ಕರೆದೊಯ್ಯಲು ಶಾಲೆಯ ಜೀಪು ಐಸಮ್ಮನ ಮನೆಯ ಪಕ್ಕವೇ ಕಾಯುತ್ತಿತ್ತು. ಡಾಕ್ಟರು ಅಂಗಳದಲ್ಲಿ ನಿಂತು ಗುಡ್ಡಕ್ಕೆ ಫೋನು ಮಾಡಬೇಕು, ಇರ್ಷಾದ್ ವಯರ್‌ಲೆಸ್ಸಿನಲ್ಲಿ ಹಾರುವವರಿಗೆ ಹೇಳಬೇಕು, ವಯರ್‌ಲೆಸ್ ಕೇಳದವರಿಗಾಗಿ ಜೀಪಿನ ಚಾಲಕ ಬಂಡೆಯ ಮೇಲೆ ದೊಡ್ಡ ಕಿತ್ತಳೆ ಬಟ್ಟೆ ಹಾಸಬೇಕು. ಐವರು ಮೇಲಿದ್ದರು. ನಾಲ್ವರು ಬೇಗ ಇಳಿದರು. ಐದನೆಯವನು ಬಟ್ಟೆಯನ್ನು ಕಂಡರೂ ಏನೆಂದು ತಿಳಿಯದೆ ಎರಡು ಸುತ್ತು ಹೆಚ್ಚು ಹೊಡೆದ. ಫೋನಿನಿಂದ ಕೊನೆಯ ಕಾಲು ನೆಲ ಮುಟ್ಟುವವರೆಗೆ ಹದಿನೆಂಟು ನಿಮಿಷ. ಡಾಕ್ಟರು ಕೈಗಡಿಯಾರ ನೋಡುತ್ತಲೇ ಇದ್ದರು.

"ರೋಗಿಯನ್ನು ಆಂಬುಲೆನ್ಸಿನಿಂದ ಇಳಿಸಿ, ನಳಿಕೆಗಳನ್ನೆಲ್ಲ ಸರಿ ಮಾಡಿ ವಿಮಾನಕ್ಕೆ ಹತ್ತಿಸಲಿಕ್ಕೆ ಇದಕ್ಕಿಂತ ಹೆಚ್ಚು ಹೊತ್ತು ಬೇಕು" ಎಂದರು. "ಆಗಬಹುದು."

"ಡಾಕ್ಟರೇ, ಚಾಪೆ ಮೆಟ್ಟಬೇಡಿ" ಎಂದರು ಐಸಮ್ಮ.

ಅದೇ ವರದಿಯಾಯಿತು. ಬೆಳಗ್ಗೆ ಪಟ್ಟಿ ವಿಮಾನಕ್ಕೆ. ಮಧ್ಯಾಹ್ನ ಆಕಾಶ ಗ್ಲೈಡರುಗಳಿಗೆ, ಆಸ್ಪತ್ರೆಯ ಫೋನು ಬಂದರೆ ಎಲ್ಲರೂ ಕೆಳಗೆ. ಬಟ್ಟೆ ಹಾಸುವ ಅಭ್ಯಾಸ ತಿಂಗಳಿಗೊಮ್ಮೆ. ಇರ್ಷಾದನಿಗೆ ಎಚ್ಚರಿಕೆಯ ಪತ್ರ ಬಂತು, ಅದರ ಹಿಂದೆಯೇ ಪದವಿನ ಆಕಾಶವನ್ನೂ ಸೇರಿಸಿದ ಹೊಸ ಅನುಮತಿ ಬಂತು. ನಮ್ಮ ಕಚೇರಿಯ ನಮೂನೆಯಲ್ಲಿ ಎರಡು ಸಾಲು ಬದಲಾಯಿತು. ಅನುಮತಿ ಎಷ್ಟು ಎಂಬುದರ ಕೆಳಗೆ, ವಾಸ್ತವದಲ್ಲಿ ಎಲ್ಲಿಯವರೆಗೆ ಹಾರುತ್ತೀರಿ ಎಂದು. ಸ್ಥಳ ಪರಿಶೀಲನೆಯ ದಿನಾಂಕದ ಪಕ್ಕದಲ್ಲಿ, ಹೊತ್ತು ಎಂದು. ನನ್ನ ಸೇವೆಯಿಂದ ಉಳಿದದ್ದು ಏನು ಎಂದು ಕೇಳಿದರೆ ಆ ಎರಡು ಸಾಲು ತೋರಿಸಬಲ್ಲೆ.

ಈ ವರ್ಷ ಬೇಸಿಗೆಯಲ್ಲಿ ಪೊಳಲಿ ದೇವಸ್ಥಾನಕ್ಕೆ ಹೋಗಿ ಬರುವಾಗ ಸುತ್ತು ದಾರಿ ಹಿಡಿದು ಪದವಿಗೆ ಹೋದೆ. ಪಟ್ಟಿ ಸಿದ್ಧವಾಗಿದೆ. ಮೊದಲ ವಿಮಾನ ಇದೇ ತಿಂಗಳು ಎಂದು ಊರಿನವರು ಹೇಳಿದರು. ಇದು ಕೇಳಿದ್ದು. ಐಸಮ್ಮ ಜಗಲಿಯಲ್ಲಿ ಕೂತಿದ್ದರು, ಕೈಯಲ್ಲಿ ಅದೇ ಕೋಲು. ಮಾತಾಡುತ್ತಿರುವಾಗ ಚಾಪೆಯ ಮೇಲೆ ನೆರಳು ಹಾದುಹೋಯಿತು. ಕೋಳಿಗಳು ಕೆದಕುವುದನ್ನು ನಿಲ್ಲಿಸಲಿಲ್ಲ.

"ಓಡಲಿಲ್ಲವಲ್ಲ ಅಕ್ಕ."

"ಈಗ ಓಡುವುದಿಲ್ಲ. ಅಭ್ಯಾಸ ಆಯಿತು ಅವಕ್ಕೆ. ನೆರಳು ಅಂದರೆ ಕೊಡೆಯವರು ಅಂತ ಲೆಕ್ಕ." ಅವರು ಕೋಲಿನಿಂದ ಕಾಗೆಯೊಂದನ್ನು ಓಡಿಸಿದರು. "ಮೊನ್ನೆ ನಿಜವಾದ ಗಿಡುಗ ಬಂತು. ಆಗಲೂ ಹೀಗೇ ನಿಂತಿದ್ದವು. ಎರಡು ಮರಿ ಹೋಯಿತು."

ಹೊರಟು ಜೀಪಿನ ದಾರಿಯವರೆಗೆ ನಡೆದೆ. ಬಂಡೆಯ ಪಕ್ಕ ಶಾಲೆಯ ಜೀಪು ನಿಂತಿತ್ತು. ಒಳಗೆ ಕಿತ್ತಳೆ ಬಟ್ಟೆಯನ್ನು ಮಡಚಿ ಹಿಂದಿನ ಸೀಟಿಗೆ ಮೆತ್ತೆಯಂತೆ ಹಾಕಿದ್ದರು. ಮೇಲೆ ಒಂದು ಕಡೆ ಎಣ್ಣೆಯ ಕಲೆ. ಇರ್ಷಾದನಿಗೆ ಫೋನು ಮಾಡಿದೆ.

"ಬಟ್ಟೆ ಹಾಸುವ ಅಭ್ಯಾಸ ಕೊನೆಗೆ ಯಾವಾಗ ಮಾಡಿದ್ದು?"

"ಕಳೆದ ವರ್ಷ ಸರ್" ಎಂದ. "ಈಗ ಎಲ್ಲರಿಗೂ ಗೊತ್ತುಂಟಲ್ಲ."

ನಾನು ಈಗ ಅಧಿಕಾರಿಯಲ್ಲ. ಹೇಳುವ ಹಕ್ಕು ನನಗಿಲ್ಲ.

"ನಾಳೆ ಮಾಡುವ" ಎಂದೆ. "ಡಾಕ್ಟರಿಗೆ ನಾನು ಹೇಳ್ತೇನೆ. ಅಸರ್ ಬಾಂಗಿಗೆ ಸ್ವಲ್ಪ ಮೊದಲು."